ಹಾರ್ಟಿನ ಗುಳಿಗೆ ಹೆಚ್ಚಾದರೆ

ಬನವಾಸಿ ಸುತ್ತಿನಲ್ಲಿ ಯಾರಿಗಾದರೂ ಹೃದಯದ ಗುಳಿಗೆ ಹೆಚ್ಚಾಗಿ ಮೈ ತಣ್ಣಗಾಯಿತೆಂದರೆ ಮನೆಯವರ ಬಾಯಿಗೆ ಮೊದಲು ಬರುವ ಊರು ಹುಬ್ಬಳ್ಳಿ. ಇಲ್ಲವಾದರೆ ಮಣಿಪಾಲ. ಗುರುತಿನವರ ಕಾರು ಸಿಕ್ಕಿತೆಂದರೆ ಶಿರಸಿಯ ಆಸ್ಪತ್ರೆಯಲ್ಲಿ ನಿಲ್ಲಿಸದೆ ಸೀದಾ ಹೊರಡುವವರೂ ಇದ್ದಾರೆ. ಹೇಗೂ ಕಡೆಗೆ ಅಲ್ಲಿಗೇ ಕಳಿಸುತ್ತಾರೆ, ನಡುವೆ ಇಳಿದು ಹೊತ್ತು ಕಳೆಯುವುದೇಕೆ ಎಂಬುದು ಅವರ ಲೆಕ್ಕ. ಈ ಒಂದು ವಿಷದ ಮಟ್ಟಿಗೆ ಆ ಲೆಕ್ಕ ತಪ್ಪು.

ಬನವಾಸಿಯಿಂದ ಶಿರಸಿಗೆ ಇಪ್ಪತ್ತು ಚಿಲ್ಲರೆ ಕಿಲೋಮೀಟರ್. ಶಿರಸಿಯಿಂದ ಹುಬ್ಬಳ್ಳಿಗೆ ಸುಮಾರು 100. ಯಲ್ಲಾಪುರದವರಿಗೆ ಹುಬ್ಬಳ್ಳಿ 70 ಕಿಲೋಮೀಟರಿನ ಆಸುಪಾಸು, ಸಿದ್ದಾಪುರದವರು ಸಾಗರದ ಮೇಲೆ ಶಿವಮೊಗ್ಗದ ದಾರಿ ಹಿಡಿಯುತ್ತಾರೆ. ಜಿಲ್ಲೆಗೊಂದು ದೊಡ್ಡ ತುರ್ತು ಆಸ್ಪತ್ರೆ ಬೇಕೆಂದು 2019ರಲ್ಲಿ ಜಾಲತಾಣಗಳಲ್ಲಿ ಕೂಗೆದ್ದಿತ್ತು. 2022ರ ಜುಲೈ 20ರಂದು ಹೊನ್ನಾವರದಿಂದ ರೋಗಿಯನ್ನು ಹೊತ್ತು ಹೊರಟ ಆಂಬುಲೆನ್ಸ್ ಶಿರೂರು ಟೋಲ್‌ಗೇಟಿನಲ್ಲಿ ಮಗುಚಿ ನಾಲ್ವರು ಸತ್ತ ಮೇಲೆ ಅದೇ ಕೂಗು ಇನ್ನೂ ಜೋರಾಯಿತು. ಆ ಬೇಡಿಕೆ ನ್ಯಾಯವಾದದ್ದೇ. ಆದರೆ ಹೃದಯದ ಔಷಧ ವಿಷವಾದಾಗ ಮೊದಲ ಒಂದೆರಡು ತಾಸಿನಲ್ಲಿ ಬೇಕಾಗುವ ಸಾಮಾನು ದೊಡ್ಡ ಆಸ್ಪತ್ರೆಯದ್ದಲ್ಲ. ಒಂದು ಇಸಿಜಿ ಯಂತ್ರ, ಬಿಪಿ ಪಟ್ಟಿ, ಗ್ಲುಕೋಮೀಟರ್, ಆಮ್ಲಜನಕ, ಸಲಾಯಿನ್. ಔಷಧಗಳಲ್ಲಿ ಅಟ್ರೋಪಿನ್, ಕ್ಯಾಲ್ಸಿಯಂ ಗ್ಲುಕೋನೇಟ್, ಗ್ಲೂಕೋಸ್, ಅಡ್ರಿನಾಲಿನ್ ಮತ್ತು ಫ್ರಿಜ್ಜಿನಲ್ಲಿರುವ ಮಾಮೂಲಿ ಇನ್ಸುಲಿನ್. ಇವೆಲ್ಲ ತಾಲೂಕು ಆಸ್ಪತ್ರೆಯ ಕಪಾಟಿನವು. ಶಿರಸಿಯ ಪಂಡಿತ ಸಾರ್ವಜನಿಕ ಆಸ್ಪತ್ರೆಯನ್ನು ದಾಟಿ ಹೋಗುವವರು ಈ ಕಪಾಟನ್ನು ಹಿಂದೆ ಬಿಟ್ಟು, ಹೃದಯ ನಿಧಾನವಾಗುತ್ತ ಹೋಗುವ ಹೊತ್ತನ್ನು ಕಾರಿನ ಹಿಂದಿನ ಸೀಟಿನಲ್ಲಿ ಕಳೆಯುತ್ತಾರೆ.

‘ಹಾರ್ಟಿನ ಗುಳಿಗೆ’ ಎಂದು ನಾವು ಒಂದೇ ಡಬ್ಬಿಗೆ ಸೇರಿಸುವ ಔಷಧಗಳೆಲ್ಲ ಒಂದೇ ಬಗೆಯವಲ್ಲ. ಕೊಲೆಸ್ಟ್ರಾಲಿನ ಗುಳಿಗೆ ಒಂದು ಹೆಚ್ಚಾದರೆ ಕೂಡಲೇ ಜೀವಕ್ಕೆ ಬರುವುದಿಲ್ಲ. ಆಸ್ಪಿರಿನ್ ಹೆಚ್ಚಾದರೆ ಅಪಾಯವುಂಟು, ಆದರೆ ಅದರ ದಾರಿಯೇ ಬೇರೆ. ಹೃದಯದ ಬಡಿತವನ್ನೇ ಹಿಡಿದು ನಿಲ್ಲಿಸಬಲ್ಲವು ಮೂರು ಗುಂಪು. ಮೊದಲನೆಯದು ಡಿಗಾಕ್ಸಿನ್. ಎರಡನೆಯದು ಅಟೆನಲಾಲ್, ಮೆಟೊಪ್ರೊಲಾಲ್, ಪ್ರೊಪ್ರನಲಾಲ್ ಎಂಬ ‘ಲಾಲ್’ ಕುಟುಂಬ, ವೈದ್ಯರ ಮಾತಿನಲ್ಲಿ ಬೀಟಾ ಬ್ಲಾಕರ್. ಮೂರನೆಯದು ಅಮ್ಲೋಡಿಪಿನ್, ಡಿಲ್ಟಿಯಜೆಮ್, ವೆರಪಮಿಲ್ ಸೇರಿದ ಕ್ಯಾಲ್ಸಿಯಂ ತಡೆಗಳು. ಬಿಪಿಗೆಂದು ಮನೆಮನೆಯಲ್ಲಿ ನುಂಗುವ ಪುಟ್ಟ ಬಿಳಿ ಗುಳಿಗೆ ಹೆಚ್ಚಾಗಿ ಈ ಮೂರನೆಯ ಗುಂಪಿನದೇ.

ಡಿಗಾಕ್ಸಿನ್ ಕಥೆ ಹಳೆಯದು. ಇಂಗ್ಲೆಂಡಿನ ವೈದ್ಯ ವಿಲಿಯಂ ವಿದರಿಂಗ್ ಡಿಜಿಟಾಲಿಸ್ ಎಂಬ ಹೂಗಿಡದ ಎಲೆಯನ್ನು ಮೈ ಬಾತ ರೋಗಿಗಳಿಗೆ ಕೊಟ್ಟು ನೋಡಿ, 1785ರಲ್ಲಿ ಪುಸ್ತಕ ಬರೆದ. ಗುಣವಾದವರ ಕಥೆಯಷ್ಟೇ ಬರೆದು ಸುಮ್ಮನಾಗಲಿಲ್ಲ. ಹೆಚ್ಚಾದರೆ ವಾಂತಿ, ತಲೆಸುತ್ತು, ಕಂಡದ್ದೆಲ್ಲ ಹಳದಿ-ಹಸಿರಾಗಿ ಕಾಣುವುದು, ನಾಡಿ ನಿಮಿಷಕ್ಕೆ 35ಕ್ಕೆ ಇಳಿಯುವುದು ಎಲ್ಲವನ್ನೂ ಬರೆದಿಟ್ಟ. ಇನ್ನೂರ ನಲವತ್ತು ವರ್ಷದ ನಂತರವೂ ವೈದ್ಯರು ಹುಡುಕುವ ಲಕ್ಷಣಗಳು ಅವೇ. 1930ರಲ್ಲಿ ಸಿಡ್ನಿ ಸ್ಮಿತ್ ಎಂಬ ರಸಾಯನಶಾಸ್ತ್ರಜ್ಞ ಅದೇ ಕುಲದ ಇನ್ನೊಂದು ಗಿಡದಿಂದ ಡಿಗಾಕ್ಸಿನ್ ಬೇರ್ಪಡಿಸಿದ.

ಅದು ಕೆಲಸ ಮಾಡುವ ಬಗೆ ಗೊತ್ತಿದ್ದರೆ ವಿಷವಾಗುವ ಬಗೆಯೂ ತಿಳಿಯುತ್ತದೆ. ಹೃದಯದ ಪ್ರತಿ ಕೋಶದ ಗೋಡೆಯಲ್ಲಿ ಸೋಡಿಯಂ ಹೊರಗೆ, ಪೊಟ್ಯಾಸಿಯಂ ಒಳಗೆ ಸಾಗಿಸುವ ಒಂದು ಪಂಪು ಇದೆ. ಡಿಗಾಕ್ಸಿನ್ ಆ ಪಂಪನ್ನು ಸ್ವಲ್ಪ ಕಟ್ಟುತ್ತದೆ. ಬಸಿಗಾಲುವೆ ಕಟ್ಟಿದ ಅಡಿಕೆ ತೋಟದಲ್ಲಿ ನೀರು ನಿಂತ ಹಾಗೆ ಕೋಶದೊಳಗೆ ಸೋಡಿಯಂ ನಿಲ್ಲುತ್ತದೆ, ಅದರ ಬೆನ್ನಿಗೆ ಕ್ಯಾಲ್ಸಿಯಂ ಸೇರುತ್ತದೆ. ಕ್ಯಾಲ್ಸಿಯಂ ತುಸು ಹೆಚ್ಚಾದರೆ ಸೋತ ಹೃದಯ ಬಿಗಿಯಾಗಿ ಹಿಂಡುತ್ತದೆ, ಅದೇ ಔಷಧದ ಗುಣ. ಮಿತಿಮೀರಿದರೆ ಬಡಿತದ ತಾಳ ತಪ್ಪುತ್ತದೆ. ಗುಣಕ್ಕೂ ವಿಷಕ್ಕೂ ನಡುವಿನ ಅಂತರ ಈ ಔಷಧದಲ್ಲಿ ಬಹಳ ಕಿರಿದು. ಹೃದಯ ಸೋತವರ ರಕ್ತದಲ್ಲಿ ಅದು ಮಿಲಿಲೀಟರಿಗೆ 0.5ರಿಂದ 0.9 ನ್ಯಾನೋಗ್ರಾಂ ಇದ್ದರೆ ಸಾಕು ಎನ್ನುತ್ತಾರೆ. ವೈದ್ಯರು ಎಷ್ಟೋ ಜನರಿಗೆ ವಾರದಲ್ಲಿ ಐದೇ ದಿನ ಗುಳಿಗೆ ನುಂಗಿ, ಶನಿವಾರ ಭಾನುವಾರ ಬಿಡಿ ಎಂದು ಹೇಳುವುದು ಇದಕ್ಕೇ. ಚೀಟಿಯಲ್ಲಿ ಆ ಮಾತು ಬರೆದಿದ್ದರೂ ಮನೆಯಲ್ಲಿ ಗುಳಿಗೆ ಕೊಡುವ ಕೈ ಬದಲಾದಾಗ ಬಿಟ್ಟ ದಿನ ಮರೆತುಹೋಗುತ್ತದೆ.

ನಮ್ಮ ಕಡೆ ಡಿಗಾಕ್ಸಿನ್ ವಿಷವೆಂದರೆ ಯಾರೋ ಒಂದು ಹಿಡಿ ನುಂಗಿದ್ದು ಎಂದೇ ಜನ ತಿಳಿಯುತ್ತಾರೆ. ಹೆಚ್ಚು ಸಲ ಹಾಗಿರುವುದಿಲ್ಲ. ವರ್ಷಗಟ್ಟಲೆ ಅದೇ ಪ್ರಮಾಣ ನುಂಗುತ್ತಿದ್ದ ಅಜ್ಜನಿಗೋ ಅಮ್ಮಮ್ಮನಿಗೋ ಒಂದು ಮಳೆಗಾಲದಲ್ಲಿ ಅದೇ ಪ್ರಮಾಣ ವಿಷವಾಗುತ್ತದೆ. ಡಿಗಾಕ್ಸಿನ್ ಹೊರಹೋಗುವುದು ಮೂತ್ರದಲ್ಲಿ. ಮೂತ್ರಪಿಂಡ ಸರಿಯಿದ್ದರೆ ರಕ್ತದಲ್ಲಿರುವುದರ ಅರ್ಧ ಇಳಿಯಲು ಒಂದೂವರೆ ಎರಡು ದಿನ ಸಾಕು. ಮೂತ್ರಪಿಂಡ ಸೋತರೆ ದಿನದಿನದ ಗುಳಿಗೆ ಒಂದರ ಮೇಲೊಂದು ಕೂಡುತ್ತ ಹೋಗುತ್ತದೆ. ಆಷಾಢದಲ್ಲಿ ಒಂದು ವಾರ ಭೇದಿಯಾಯಿತು, ಊಟ ಸೇರಲಿಲ್ಲ, ನೀರು ಕುಡಿಯಲಿಲ್ಲ. ಹೀಗಿದ್ದೂ ಕಾಲು ಬಾತದ್ದಕ್ಕೆ ಕೊಟ್ಟ ನೀರಿನ ಗುಳಿಗೆ ಮಾತ್ರ ತಪ್ಪಲಿಲ್ಲ. ಭೇದಿ ಮತ್ತು ನೀರಿನ ಗುಳಿಗೆ ಎರಡೂ ಸೇರಿ ಪೊಟ್ಯಾಸಿಯಂ ಎಳೆದು ಹಾಕುತ್ತವೆ, ಪೊಟ್ಯಾಸಿಯಂ ಕಡಿಮೆಯಾದಲ್ಲಿ ಡಿಗಾಕ್ಸಿನ್ ಇನ್ನಷ್ಟು ಬಿಗಿಯಾಗಿ ಕಚ್ಚುತ್ತದೆ. ಎದೆ ಕಟ್ಟಿದ್ದಕ್ಕೆ ಬೇರೆ ವೈದ್ಯರು ಕೊಟ್ಟ ಕ್ಲಾರಿಥ್ರೊಮೈಸಿನ್, ತಾಳ ತಪ್ಪಿದ್ದಕ್ಕೆ ಕೊಟ್ಟ ಅಮಿಯೊಡರೋನ್ ಅಥವಾ ವೆರಪಮಿಲ್ ಕೂಡ ರಕ್ತದಲ್ಲಿ ಡಿಗಾಕ್ಸಿನ್ ಏರಿಸುತ್ತವೆ. ಕೆಮ್ಮಿಗೆಂದು ದಿನವೂ ಜೇಷ್ಠಮಧುವಿನ ಕಷಾಯ ಕುಡಿಯುವವರು ಇದನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳಬೇಕು, ಅದೂ ಪೊಟ್ಯಾಸಿಯಂ ಇಳಿಸುವ ಬೇರು.

ಲಕ್ಷಣ ಬಹಳ ಮೆತ್ತಗೆ ಶುರುವಾಗುತ್ತದೆ. ಊಟ ಬೇಡ ಎನ್ನುತ್ತಾರೆ, ಓಕರಿಕೆ, ಬಳಲಿಕೆ, ಮಾತು ಅಲ್ಲಲ್ಲಿ ತಪ್ಪುವುದು, ದೀಪದ ಸುತ್ತ ಹಳದಿ ಬಳೆ ಕಾಣುವುದು. ವಯಸ್ಸಾಯಿತು ಎಂದು ಮನೆಯವರು, ಪಿತ್ತ ಎಂದು ನೆರೆಯವರು ಸುಮ್ಮನಾಗುತ್ತಾರೆ. ಡಿಗಾಕ್ಸಿನ್ ನುಂಗುವ ವೃದ್ಧರಿಗೆ ಊಟ ಸೇರದಾಯಿತೆಂದರೆ ಮೊದಲು ಮಾಡಬೇಕಾದದ್ದು ಪಿತ್ತಕ್ಕೆ ಮದ್ದಲ್ಲ, ನಾಡಿ ಎಣಿಕೆ. ಮುಂಗೈಯ ಹೆಬ್ಬೆರಳಿನ ಬುಡದಲ್ಲಿ ಎರಡು ಬೆರಳಿಟ್ಟು ಪೂರ್ತಿ ಒಂದು ನಿಮಿಷ ಎಣಿಸಿ. 60ಕ್ಕಿಂತ ಕಡಿಮೆಯಿದ್ದರೆ, ಇಲ್ಲವೇ ಮೊದಲಿಲ್ಲದ ಏರುಪೇರು ಕಂಡರೆ ಆ ದಿನದ ಗುಳಿಗೆ ತಡೆದು ವೈದ್ಯರಿಗೆ ಫೋನು ಮಾಡಿ. ತಾಲೂಕು ಆಸ್ಪತ್ರೆಯಲ್ಲಿ ಇಸಿಜಿ, ಕ್ರಿಯಾಟಿನಿನ್, ಪೊಟ್ಯಾಸಿಯಂ ನೋಡಿಸಬೇಕು. ರಕ್ತದಲ್ಲಿ ಡಿಗಾಕ್ಸಿನ್ ಪ್ರಮಾಣ ಅಳೆಯುವುದಿದ್ದರೆ ಕೊನೆಯ ಗುಳಿಗೆ ನುಂಗಿ ಕನಿಷ್ಠ ಆರು ತಾಸಾದ ಮೇಲೆ ರಕ್ತ ತೆಗೆಯಬೇಕು, ಅದಕ್ಕಿಂತ ಮೊದಲು ತೆಗೆದರೆ ಅಂಕಿ ಸುಳ್ಳಾಗಿ ಏರಿರುತ್ತದೆ.

ಇಂಥವರಿಗೆ ಚಿಕಿತ್ಸೆ ಎಂದರೆ ಹೆಚ್ಚಾಗಿ ಔಷಧ ನಿಲ್ಲಿಸುವುದು, ನೀರಿನಂಶ ಮತ್ತು ಪೊಟ್ಯಾಸಿಯಂ ಸರಿದೂಗಿಸುವುದು, ಇಸಿಜಿ ನೋಡುತ್ತ ಕಾಯುವುದು. ಬಡಿತ ತೀರಾ ಇಳಿದರೆ ಅಟ್ರೋಪಿನ್ ಸೂಜಿ. ನಮ್ಮಲ್ಲಿ ಅದರ ಆಂಪೂಲು 0.6 ಮಿಲಿಗ್ರಾಮಿನದು, ಬೇಕಾದಂತೆ ಮತ್ತೆ ಮತ್ತೆ ಕೊಡುತ್ತಾರೆ. ಡಯಾಲಿಸಿಸ್ ಮಾಡಿಸಿ ಎಂದು ಹಟ ಹಿಡಿಯುವ ಬಂಧುಗಳಿರುತ್ತಾರೆ. ಡಿಗಾಕ್ಸಿನ್‌ಗೆ ಅದರಿಂದ ಪ್ರಯೋಜನವಿಲ್ಲ, ಏಕೆಂದರೆ ಅದು ರಕ್ತದಲ್ಲಿ ಉಳಿಯದೆ ಮಾಂಸಖಂಡದೊಳಗೆ ಸೇರಿ ಕೂತಿರುತ್ತದೆ. ಯಂತ್ರ ತೊಳೆಯುವುದು ರಕ್ತವನ್ನು ಮಾತ್ರ. ಅಟೆನಲಾಲ್ ಈ ಮಾತಿಗೆ ಅಪವಾದ, ಅದನ್ನು ಡಯಾಲಿಸಿಸ್ ಸ್ವಲ್ಪ ಮಟ್ಟಿಗೆ ಎಳೆದು ತೆಗೆಯುತ್ತದೆ. ಮೆಟೊಪ್ರೊಲಾಲ್, ಪ್ರೊಪ್ರನಲಾಲ್, ಅಮ್ಲೋಡಿಪಿನ್‌ಗಳಲ್ಲಿ ಮತ್ತೆ ನಿಷ್ಫಲ.

ಡಿಗಾಕ್ಸಿನ್‌ಗೆ ನಿಜವಾದ ಪ್ರತಿವಿಷ ಒಂದಿದೆ. ಕುರಿಯ ಮೈಯಲ್ಲಿ ತಯಾರಾಗುವ ಪ್ರತಿಕಾಯದ ತುಂಡುಗಳು ರಕ್ತದಲ್ಲಿ ಡಿಗಾಕ್ಸಿನ್ ಕಣಗಳನ್ನು ಹಿಡಿದು ಕಟ್ಟಿಹಾಕುತ್ತವೆ, ಬಳಿಕ ಮೂತ್ರದಲ್ಲಿ ಹೋಗುತ್ತವೆ. ಮನುಷ್ಯನಲ್ಲಿ ಅದು ಕೆಲಸ ಮಾಡಿದ ಮೊದಲ ವರದಿ 1976ರದು, ಅಮೆರಿಕದಿಂದ. ಈಗ ಸಿಗುವ 40 ಮಿಲಿಗ್ರಾಮಿನ ಒಂದು ಬಾಟಲಿ ಸುಮಾರು ಅರ್ಧ ಮಿಲಿಗ್ರಾಂ ಡಿಗಾಕ್ಸಿನ್ ಕಟ್ಟುತ್ತದೆ. ಬೆಲೆ ವಿಪರೀತ, ಭಾರತದ ಆಸ್ಪತ್ರೆಗಳಲ್ಲಿ ಸುಲಭಕ್ಕೆ ಸಿಗುವುದೂ ಇಲ್ಲ. ಹಾವಿನ ವಿಷಕ್ಕೆ ಪ್ರತಿವಿಷ ಇಟ್ಟ ಹಾಗೆ ಇದನ್ನು ಇಟ್ಟಿರುತ್ತಾರೆಂದು ನಂಬಿ ಹುಬ್ಬಳ್ಳಿಗೆ ಓಡುವುದರಲ್ಲಿ ಅರ್ಥವಿಲ್ಲ.

ಈ ಪ್ರತಿವಿಷದ ಮಾತು ಬಂದಾಗ ನಮ್ಮ ಅಂಗಳದ ಗಿಡವೊಂದರ ಹೆಸರು ಹೇಳಲೇಬೇಕು, ಕಣಗಿಲೆ. ಶಿವಪೂಜೆಗೆ ಬೇಕೆಂದು ಬೇಲಿಸಾಲಿನಲ್ಲಿ, ಗುಡಿಯ ಸುತ್ತ ಬೆಳೆಸುವ ಕೆಂಪು ಕಣಗಿಲೆಯಲ್ಲೂ ಗಂಟೆಯಾಕಾರದ ಹೂ ಬಿಡುವ ಹಳದಿ ಕಣಗಿಲೆಯಲ್ಲೂ ಇರುವುದು ಡಿಗಾಕ್ಸಿನ್‌ನ ದಾಯಾದಿ ವಿಷ. ಕಟ್ಟುವುದು ಅದೇ ಪಂಪನ್ನು. ಮಕ್ಕಳು ಆಟದಲ್ಲಿ ಕಾಯಿ ಕಚ್ಚಿದರೂ, ದನ ಮೇಯ್ದರೂ ಹೃದಯವೇ ಕೆಡುತ್ತದೆ. ಶ್ರೀಲಂಕಾದಲ್ಲಿ ಹಳದಿ ಕಣಗಿಲೆಯ ವಿಷಪ್ರಕರಣ ಬಹಳವಿದ್ದುದರಿಂದ ಅಲ್ಲಿನ ವೈದ್ಯರು ಡಿಗಾಕ್ಸಿನ್ ಪ್ರತಿವಿಷವನ್ನು ಇದಕ್ಕೂ ಕೊಟ್ಟು ಪರೀಕ್ಷಿಸಿ, ಕೆಟ್ಟ ತಾಳ ಸರಿಹೋಗುವುದನ್ನು 2000ದಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ತೋರಿಸಿಕೊಟ್ಟರು. ಮುಂದೆ 2002ರಲ್ಲಿ ದುಬಾರಿಯಾದ ಆ ಔಷಧದ ಸರಬರಾಜು ನಿಂತಾಗ ಸಾವು ಮತ್ತೆ ಏರಿತು. ಗೊತ್ತಿರುವ ಮದ್ದು ಕೈಗೆಟುಕದೆ ಜೀವ ಹೋಗುವ ಇಂಥ ಲೆಕ್ಕ ನಮ್ಮ ಕಡೆ ಯಾರೂ ಇಟ್ಟ ಹಾಗಿಲ್ಲ. ಕಣಗಿಲೆ ತಿಂದವರ ರಕ್ತದಲ್ಲಿ ಡಿಗಾಕ್ಸಿನ್ ಪರೀಕ್ಷೆ ಮಾಡಿದರೆ ಅಂಕಿ ಕಡಿಮೆ ಬರಬಹುದು. ಅದನ್ನು ನೋಡಿ ನಿಶ್ಚಿಂತರಾಗುವಂತಿಲ್ಲ. ಇಸಿಜಿ ಹೇಳುವುದೇ ಇಲ್ಲಿ ಪ್ರಮಾಣ.

ಇನ್ನು ಬಿಪಿ ಗುಳಿಗೆಗಳ ವಿಷ. ಲಾಲ್ ಕುಟುಂಬವೂ ಕ್ಯಾಲ್ಸಿಯಂ ತಡೆಗಳೂ ಬಡಿತ ಇಳಿಸುತ್ತವೆ, ರಕ್ತದೊತ್ತಡ ಕುಸಿಯುವಂತೆ ಮಾಡುತ್ತವೆ. ಅಮ್ಲೋಡಿಪಿನ್ ಮಾತ್ರ ಹೆಚ್ಚಾಗಿ ರಕ್ತನಾಳಗಳನ್ನೇ ಸಡಿಲಿಸುವುದರಿಂದ ಆರಂಭದಲ್ಲಿ ನಾಡಿ ಓಡುತ್ತಿರಬಹುದು. ಎರಡು ಗುಂಪನ್ನು ಬೇರೆ ಮಾಡಲು ಗ್ಲುಕೋಮೀಟರು ನೆರವಾಗುತ್ತದೆ. ಕ್ಯಾಲ್ಸಿಯಂ ತಡೆ ಮೇದೋಜೀರಕದಿಂದ ಇನ್ಸುಲಿನ್ ಹೊರಡುವುದನ್ನೂ ತಡೆಯುತ್ತದೆ, ಹಾಗಾಗಿ ಸಕ್ಕರೆ ಏರುತ್ತದೆ. ಲಾಲ್‌ಗಳಲ್ಲಿ, ಅದರಲ್ಲೂ ಮಕ್ಕಳಲ್ಲಿ, ಸಕ್ಕರೆ ಇಳಿಯುವುದೇ ಹೆಚ್ಚು. ಬಿಪಿ ನೆಲ ಕಚ್ಚಿದ್ದರೂ ರೋಗಿ ಎಚ್ಚರವಾಗಿ ಮಾತಾಡುತ್ತಿದ್ದಾನೆ, ಸಕ್ಕರೆ ಕಾಯಿಲೆ ಇಲ್ಲದಿದ್ದರೂ ಸಕ್ಕರೆ ಏರಿದೆ ಎಂದರೆ ವೈದ್ಯರ ಅನುಮಾನ ಮೊದಲು ಹೋಗುವುದು ಕ್ಯಾಲ್ಸಿಯಂ ತಡೆಯ ಕಡೆಗೆ.

ಇಲ್ಲಿ ಚಿಕಿತ್ಸೆ ಸಲಾಯಿನ್, ಅಟ್ರೋಪಿನ್, ರಕ್ತನಾಳದ ಮೂಲಕ ನಿಧಾನವಾಗಿ ಕ್ಯಾಲ್ಸಿಯಂ ಎಂದು ಶುರುವಾಗುತ್ತದೆ. ಲಾಲ್ ವಿಷಕ್ಕೆ ಗ್ಲುಕಗಾನ್ ಎಂಬ ಹಾರ್ಮೋನ್ ಸೂಜಿ ಪುಸ್ತಕದಲ್ಲಿದೆ. ಆದರೆ ಒಮ್ಮೆಗೇ 5ರಿಂದ 10 ಮಿಲಿಗ್ರಾಂ ಬೇಕು, ಬಾಟಲಿ ಬರುವುದು ಒಂದು ಮಿಲಿಗ್ರಾಮಿನದು. ಅಷ್ಟು ಬಾಟಲಿ ಇಟ್ಟುಕೊಳ್ಳುವ ಆಸ್ಪತ್ರೆ ನಗರದಲ್ಲೂ ವಿರಳ. ಎರಡು ಗುಂಪಿಗೂ ಆಗುವ, ಎಲ್ಲೆಡೆ ಸಿಗುವ ಬಲವಾದ ಮದ್ದು ಇನ್ಸುಲಿನ್. ಕಷ್ಟದಲ್ಲಿರುವ ಹೃದಯ ಕೊಬ್ಬು ಬಿಟ್ಟು ಸಕ್ಕರೆ ಉರಿಸಲು ನೋಡುತ್ತದೆ, ಇನ್ಸುಲಿನ್ ಆ ಸಕ್ಕರೆಯನ್ನು ಕೋಶದೊಳಗೆ ತಳ್ಳಿ ಹಿಂಡುವ ಬಲ ಕೊಡುತ್ತದೆ. 1990ರ ದಶಕದಲ್ಲಿ ವೆರಪಮಿಲ್ ಕೊಟ್ಟ ನಾಯಿಗಳ ಮೇಲೆ ಅಮೆರಿಕದಲ್ಲಿ ಇದನ್ನು ಪರೀಕ್ಷಿಸಿದರು. ಅಲ್ಲಿಯ ಹೃದಯ ಸಂಘ 2023ರ ಮಾರ್ಗಸೂಚಿಯಲ್ಲಿ ಎರಡೂ ಗುಂಪಿನ ವಿಷಕ್ಕೆ ಇದನ್ನು ಗಟ್ಟಿಯಾಗಿ ಶಿಫಾರಸು ಮಾಡಿದೆ.

ಪ್ರಮಾಣ ಕೇಳಿದರೆ ಸಕ್ಕರೆ ಕಾಯಿಲೆಯವರ ಮನೆಯಲ್ಲಿ ಎದೆ ಧಸಕ್ಕೆನ್ನುತ್ತದೆ. ಮೈತೂಕದ ಪ್ರತಿ ಕಿಲೋಗೆ ಒಂದು ಯೂನಿಟ್ ಮೊದಲ ಏಟಿಗೆ, ಬಳಿಕ ತಾಸಿಗೆ ಕಿಲೋಗೆ ಒಂದರಂತೆ. ಸಾಲದಿದ್ದರೆ ಹತ್ತರವರೆಗೆ ಏರಿಸುತ್ತಾರೆ. ದಿನಕ್ಕೆ ಹತ್ತು ಹನ್ನೆರಡು ಯೂನಿಟ್ ಚುಚ್ಚಿಕೊಳ್ಳುವವರ ಊರಲ್ಲಿ 50 ಕಿಲೋ ಮನುಷ್ಯನಿಗೆ ಒಮ್ಮೆಗೇ 50 ಯೂನಿಟ್! ನಮ್ಮಲ್ಲಿ ಸಿಗುವ ಹತ್ತು ಮಿಲಿಲೀಟರ್ ಬಾಟಲಿಯಲ್ಲಿ 400 ಯೂನಿಟ್ ಇರುತ್ತದೆ. ಕಡಿಮೆ ಪ್ರಮಾಣದಲ್ಲೇ ನಡೆಸಿದರೂ ಏಳು ತಾಸಿಗೆ ಒಂದು ಬಾಟಲಿ ಖಾಲಿ, ಹತ್ತಕ್ಕೆ ಏರಿಸಿದರೆ ತಾಸಿಗೊಂದು ಬಾಟಲಿಯೂ ಸಾಲದು. ಜೊತೆಗೆ ಗ್ಲೂಕೋಸ್ ಹರಿಯುತ್ತಲೇ ಇರಬೇಕು, ಪದೇ ಪದೇ ಸಕ್ಕರೆ ನೋಡಬೇಕು, ಪೊಟ್ಯಾಸಿಯಂ ಇಳಿಯದಂತೆ ಕಾಯಬೇಕು. ಇದು ಮನೆಯಲ್ಲಿ ಮಾಡುವ ಕೆಲಸ ಖಂಡಿತ ಅಲ್ಲ. ನರ್ಸು ಇಷ್ಟು ಇನ್ಸುಲಿನ್ ಎಳೆಯುವುದನ್ನು ಕಂಡು ಕೈ ಹಿಡಿಯಲು ಹೋಗಬೇಡಿ ಎಂಬುದಕ್ಕಾಗಿ ಇಷ್ಟು ಬರೆದದ್ದು. ಅದರ ಬಲ ಕಾಣಲು ಕಾಲು ತಾಸಿನಿಂದ ಒಂದು ತಾಸು ಹಿಡಿಯುತ್ತದೆ. ಶಿರಸಿಯಲ್ಲೇ ಶುರುವಾದರೆ ಮುಂಡಗೋಡ ದಾಟುವ ಹೊತ್ತಿಗೆ ಹೃದಯಕ್ಕೆ ಹಿಡಿತ ಬಂದಿರುತ್ತದೆ. ಹುಬ್ಬಳ್ಳಿಗೆ ಹೋಗಿ ಶುರುಮಾಡುತ್ತೇವೆ ಎಂದರೆ ಆ ಒಂದು ತಾಸು ಅಲ್ಲಿಂದ ಎಣಿಕೆ.

ದೊಡ್ಡ ಆಸ್ಪತ್ರೆ ಬೇಕಾಗುವುದು ಇದರ ಮುಂದಿನ ಹಂತಕ್ಕೆ. ರಕ್ತನಾಳದ ಮೂಲಕ ತಂತಿ ಇಳಿಸಿ ಹೃದಯ ಬಡಿಸುವ ತಾತ್ಕಾಲಿಕ ಪೇಸ್‌ಮೇಕರ್, ಉಸಿರಾಟದ ಯಂತ್ರ, ದಿನಗಟ್ಟಲೆಯ ಐಸಿಯು. ಕಳಿಸುವಾಗ ಚೀಟಿಯಲ್ಲಿ ಯಾವ ಗುಳಿಗೆ, ಎಷ್ಟು ಗಂಟೆಗೆ, ನಾಡಿ-ಬಿಪಿ-ಸಕ್ಕರೆ ಎಷ್ಟಿತ್ತು, ಏನೇನು ಕೊಟ್ಟಾಯಿತು ಎಂಬುದು ಬರೆದಿರಲಿ, ಇಸಿಜಿಯ ಫೋಟೊ ಮೊಬೈಲಿನಲ್ಲಿ ಇರಲಿ. ಖಾಸಗಿ ಕಾರಿಗಿಂತ 108 ಮೇಲು, ಅದರಲ್ಲಿ ಆಮ್ಲಜನಕವೂ ತರಬೇತಿ ಪಡೆದ ಒಂದು ಕೈಯೂ ಇರುತ್ತದೆ.

ಮನೆಯಲ್ಲಿ ಮಾಡಬಾರದ್ದು ಮಾಡಬೇಕಾದ್ದಕ್ಕಿಂತ ಹೆಚ್ಚು. ಉಪ್ಪುನೀರು, ಹುಣಸೆನೀರು, ಸಗಣಿನೀರು ಕುಡಿಸಿ ವಾಂತಿ ಮಾಡಿಸುವ ಪದ್ಧತಿ ಈಗಲೂ ಹೋಗಿಲ್ಲ. ಬೇರೆ ವಿಷದಲ್ಲೂ ಅದು ಕೆಟ್ಟದ್ದು, ಇಲ್ಲಿ ಎರಡು ಪಟ್ಟು ಕೆಟ್ಟದ್ದು: ಗಂಟಲಿಗೆ ಬೆರಳು ಹಾಕಿ ಕಾರಿಸುವಾಗ ಕೆರಳುವ ವೇಗಸ್ ನರವೇ ಹೃದಯದ ಬಡಿತ ಇಳಿಸುವ ನರ. ಮೊದಲೇ ನಿಧಾನವಾದ ಹೃದಯ ಅಲ್ಲೇ ನಿಂತುಬಿಡಬಹುದು. ಒಲೆಯ ಇದ್ದಿಲು ಅರೆದು ಕುಡಿಸುವುದೂ ಬೇಡ. ಆಸ್ಪತ್ರೆಯ ಸಕ್ರಿಯ ಇದ್ದಿಲು ಬೇರೆಯೇ ವಸ್ತು, ನುಂಗಿದ ಒಂದು ತಾಸಿನೊಳಗೆ ಕೊಟ್ಟರೆ ಹೆಚ್ಚು ಫಲ. ಮಲಗಿಸಿ, ನಡೆಸಬೇಡಿ. ಎಚ್ಚರ ತಪ್ಪಿದ್ದರೆ ಎಡಮಗ್ಗುಲಿಗೆ ತಿರುಗಿಸಿ, ಬಾಯಿಗೆ ಏನೂ ಹಾಕಬೇಡಿ. ಖಾಲಿ ಸ್ಟ್ರಿಪ್ಪು, ಉಳಿದ ಗುಳಿಗೆ, ಹಳೆಯ ಚೀಟಿ ಎಲ್ಲವನ್ನೂ ಒಂದು ಕೈಚೀಲಕ್ಕೆ ಹಾಕಿ ಒಯ್ಯಿರಿ. ಸ್ಟ್ರಿಪ್ಪಿನ ಹೆಸರಿನ ಬಾಲದಲ್ಲಿ ಎಕ್ಸ್‌ಎಲ್, ಎಸ್ಆರ್, ಇಆರ್ ಎಂಬ ಅಕ್ಷರವಿದ್ದರೆ ಅದು ನಿಧಾನಕ್ಕೆ ಕರಗುವ ಗುಳಿಗೆ. ಹನ್ನೆರಡು ತಾಸು ಏನೂ ಆಗದೆ ಆಮೇಲೆ ಬೀಳಬಹುದು, ಆದ್ದರಿಂದ ಚೆನ್ನಾಗಿಯೇ ಇದ್ದಾರಲ್ಲ ಎಂದು ಒಂದು ಹಗಲು-ರಾತ್ರಿ ಕಳೆಯುವ ಮೊದಲು ಮನೆಗೆ ಕರೆತರಬಾರದು. ಚಿಕ್ಕ ಮಗು ಅಜ್ಜನ ಒಂದೇ ಗುಳಿಗೆ ಬಾಯಿಗೆ ಹಾಕಿಕೊಂಡಿತೆಂಬ ಬರೀ ಅನುಮಾನವಿದ್ದರೂ ಇದೇ ನಿಯಮ. ದಾರಿ ತೋಚದಿದ್ದರೆ ದೆಹಲಿಯ ಏಮ್ಸ್‌ನಲ್ಲಿರುವ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರದ ಉಚಿತ ಸಂಖ್ಯೆ 1800 116 117. ಹಗಲು ರಾತ್ರಿ ಸಿಗುತ್ತದೆ, ವೈದ್ಯರೂ ಅಲ್ಲಿಗೆ ಫೋನು ಮಾಡಿ ಕೇಳುತ್ತಾರೆ.

ಎಷ್ಟೋ ಮನೆಗಳಲ್ಲಿ ತಡವಾಗುವುದು ದೂರದಿಂದಲ್ಲ, ಪೊಲೀಸರ ಭಯದಿಂದ. ಬೇಕೆಂದೇ ನುಂಗಿದ್ದಾದರೆ ಕೇಸಾಗುತ್ತದೆ, ಮರ್ಯಾದೆ ಹೋಗುತ್ತದೆ ಎಂದು ಗುಳಿಗೆಯ ಹೆಸರನ್ನೇ ಮುಚ್ಚಿ, ಗ್ಯಾಸ್ಟ್ರಿಕ್ ಎಂದು ಹೇಳಿ ದಾಖಲಿಸುತ್ತಾರೆ. ಆಸ್ಪತ್ರೆ ಪೊಲೀಸರಿಗೆ ತಿಳಿಸುವುದು ನಿಜ. ಆದರೆ ಮೊದಲು ಚಿಕಿತ್ಸೆ, ಕಾಗದ ಆಮೇಲೆ ಎಂದು ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿಯಾಗಿದೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 115ನೇ ಕಲಮಿನ ಪ್ರಕಾರ ಜೀವ ಕಳೆದುಕೊಳ್ಳಲು ಹೋದವರು ತೀವ್ರ ಒತ್ತಡದಲ್ಲಿದ್ದರೆಂದೇ ತಿಳಿಯಬೇಕು, ಅವರನ್ನು ಶಿಕ್ಷಿಸುವಂತಿಲ್ಲ. ಆರೈಕೆ ಒದಗಿಸುವುದು ಸರ್ಕಾರದ ಹೊಣೆ. ವೈದ್ಯರಿಗೆ ಗುಳಿಗೆಯ ಹೆಸರು ಗೊತ್ತಾಗದೆ ಹೋದರೆ ಅಟ್ರೋಪಿನ್ ಕೊಡಬೇಕೋ ಇನ್ಸುಲಿನ್ ಕೊಡಬೇಕೋ ಎಂದು ಕತ್ತಲಲ್ಲಿ ತಡಕಾಡಬೇಕಾಗುತ್ತದೆ. ಮನಸ್ಸು ಕುಸಿದವರೂ ಅವರ ಮನೆಯವರೂ ಟೆಲಿ ಮನಸ್‌ನ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು, ಕಾಸು ಬೇಕಿಲ್ಲ.

ಗುಣವಾಗಿ ಮನೆಗೆ ಬಂದ ಮೇಲೆ ಅದೇ ಗುಳಿಗೆ ಮತ್ತೆ ಶುರುಮಾಡಬೇಕೋ ಬೇಡವೋ ಎಂಬುದನ್ನು ಮೆಡಿಕಲ್ ಅಂಗಡಿಯಲ್ಲಿ ಕೇಳಿ ತೀರ್ಮಾನಿಸಬೇಡಿ. ಹೃದಯ ಸೋತವರಿಗೆ ಲಾಲ್ ಗುಳಿಗೆ ದಿಢೀರನೆ ನಿಂತುಬಿಡುವುದೂ ಅಪಾಯವೇ. ಡಿಗಾಕ್ಸಿನ್ ಮುಂದುವರಿಸುವುದಾದರೆ ಕ್ರಿಯಾಟಿನಿನ್, ಪೊಟ್ಯಾಸಿಯಂ ಎರಡನ್ನೂ ಮಳೆಗಾಲದ ಮೊದಲೊಮ್ಮೆ ನೋಡಿಸಿ, ಪ್ರಮಾಣವನ್ನು ಆ ಅಂಕಿಗೆ ತಕ್ಕಂತೆ ವೈದ್ಯರಿಂದ ಬರೆಸಿಕೊಳ್ಳಿ. ಭೇದಿಯಾದ ದಿನಗಳಲ್ಲಿ ನೀರಿನ ಗುಳಿಗೆ ನಿಲ್ಲಿಸಬೇಕೇ ಎಂಬುದನ್ನೂ ಅದೇ ಚೀಟಿಯಲ್ಲಿ ಕೇಳಿ ಬರೆಸಿಡಿ. ಬಿಟ್ಟ ದಿನಗಳನ್ನು ಕ್ಯಾಲೆಂಡರಿನಲ್ಲಿ ಕೆಂಪು ಪೆನ್ನಿನಿಂದ ಗುರುತಿಸಿ, ಗುಳಿಗೆ ಕೊಡುವ ಕೆಲಸ ಮನೆಯಲ್ಲಿ ಒಬ್ಬರದ್ದೇ ಇರಲಿ, ತೀರಿಹೋದವರ ಹಳೆಯ ಸ್ಟ್ರಿಪ್ಪುಗಳನ್ನು ಡಬ್ಬಿಯಿಂದ ತೆಗೆಯಿರಿ.